ದಾರಿಯಲ್ಲಿ ನಿಂತ ಗರ್ಭ

"ಗರ್ಭ ನಿಂತಿದ್ದು ಹೇಳಿ ಆನು ದೇವರಿಗೆ ತುಪ್ಪದ ದೀಪ ಹಚ್ಚಿ ಕೂತಿದ್ರೆ, ನೀ ಅದನ್ನ ಇಂಜೆಕ್ಷನ್ ಹಾಕ್ಸಿ ಕರಗ್ಸಕಂಡು ಬಂದ್ಯನೇ?"

ಮೆಟ್ಟಿಲ ತುದಿಯಲ್ಲಿ ಬಾಗಿಲಿನ ಎರಡೂ ಚೌಕಟ್ಟುಗಳಿಗೆ ಕೈ ಕೊಟ್ಟು ನಿಂತಿದ್ದ ಸುಬ್ಬಲಕ್ಷ್ಮಿಯನ್ನು ದಾಟಿ ಒಳಗೆ ಹೋಗುವುದು ಸಾಧ್ಯವಿರಲಿಲ್ಲ. ಎರಡು ಮೆಟ್ಟಿಲು ಕೆಳಗೆ ಸ್ಕ್ಯಾನಿಂಗ್ ಲಕೋಟೆ ಹಿಡಿದು ಹಿರಿಯ ಸೊಸೆ ವೇದಾ ನಿಂತಿದ್ದಳು. ಅವಳ ಹಿಂದೆ ಮೆಟ್ಟಿಲ ಬದಿಯ ಕಟಾಂಜನ ಹಿಡಿದುಕೊಂಡು, ಸುಣ್ಣದ ಬಣ್ಣಕ್ಕೆ ತಿರುಗಿದ ಮುಖದ ಕಿರಿಯ ಸೊಸೆ ಗಗನಾ. ಎಲ್ಲಕ್ಕಿಂತ ಕೆಳಗೆ, ಅರ್ಧ ತೆರೆದ ಬಾಗಿಲಲ್ಲಿ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಬಾಡಿಗೆ ಮನೆಯ ಒಡತಿ ಸಾವಿತ್ರವ್ವ ಕಿವಿಯನ್ನೆಲ್ಲ ಇತ್ತಲೇ ಇಟ್ಟಿದ್ದಳು.

"ಅತ್ತೆ, ಮೊದ್ಲು ಒಳಗೆ ಹೋಪನ. ಇಡೀ ಓಣಿಗೆ ಕೇಳ್ತು," ಎಂದಳು ವೇದಾ.

"ಕೇಳ್ಲಿ. ಆರು ವರ್ಷದ ಮೇಲೆ ಫಲ ಬಂದಿದ್ದು. ಅದನ್ನ ಉಳ್ಸಕ್ಕಳದು ಬಿಟ್ಟು..."

"ಉಳ್ಯ ಜಾಗದಲ್ಲಿ ಇಲ್ಲೆ ಅತ್ತೆ ಅದು. ಗರ್ಭಕೋಶಕ್ಕೆ ಹೋಪ ನಳಿಗೆಯಲ್ಲೇ ಸಿಕ್ಕಂಡು ಬೆಳೀತಾ ಇದ್ದು. ದಾರಿಯಲ್ಲೇ ನಿಂತಿದ್ದು ಹೇಳಿದ್ರು ಡಾಕ್ಟ್ರು."

"ದಾರಿಲಿ ನಿಂತಿದ್ದು ಮುಂದೆ ಹೋಗ್ತಪ. ಬಸ್ಸು ಕೆಟ್ಟು ನಿಂತ್ರೆ ಯಾರಾದ್ರೂ ಸುಟ್ಟು ಹಾಕ್ತ್ವನೇ?"

ವೇದಾಗೆ ಲಕೋಟೆಯಿಂದ ತನ್ನ ಹಣೆಯನ್ನೇ ಚಚ್ಚಿಕೊಳ್ಳಬೇಕೆನಿಸಿತು. "ಅತ್ತೆ, ಇದು ಬಸ್ಸಲ್ಲ," ಎಂದು ಮಾತ್ರ ಹೇಳಿ, ಸುಬ್ಬಲಕ್ಷ್ಮಿಯ ತೋಳಿನ ಕೆಳಗಿನಿಂದ ಗಗನಾಳನ್ನು ನುಸುಳಿಸಿ ಒಳಗೆ ಕರೆದೊಯ್ದು ಮಲಗಿಸಿದಳು.

ಅದು ಎರಡು ಸಾವಿರದ ಒಂಬತ್ತರ ಆಗಸ್ಟ್ ತಿಂಗಳು. ದೇಶದ ತುಂಬ ಹಂದಿಜ್ವರದ ಭಯ. ಪುಣೆಯಲ್ಲಿ ಶಾಲೆಗಳನ್ನು, ಸಿನಿಮಾ ಮಂದಿರಗಳನ್ನು ಮುಚ್ಚಿದರೆಂದು ಸುದ್ದಿ ಬಂದ ದಿನವೇ ಸುಬ್ಬಲಕ್ಷ್ಮಿಯ ಕಿರಿಯ ಮಗ ಕಿಶೋರ ಹೆಂಡತಿಯನ್ನು ಬಸ್ಸು ಹತ್ತಿಸಿ ಶಿರಸಿಗೆ ಕಳಿಸಿದ್ದ. ಅವನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಗಗನಾ ಬಂದಿಳಿದಾಗ ಅವಳ ಜೊತೆಗೆ ಬಂದದ್ದು ಒಂದು ಸಣ್ಣ ಕೆಮ್ಮು. ಬಂದ ನಾಲ್ಕನೆಯ ದಿನ ತಿಳಿದದ್ದು, ಅವಳು ಬಸುರಿ ಎಂಬುದು. ಆರು ವರ್ಷಗಳಿಂದ ಸುಬ್ಬಲಕ್ಷ್ಮಿ ಕಿರಿಯ ಸೊಸೆಯನ್ನು ಬಂಜೆ ಎಂದು ಬಾಯಿ ಬಿಟ್ಟು ಕರೆದವಳಲ್ಲ. ಆದರೆ ಯಾರದೋ ಮನೆಯ ಸೀಮಂತಕ್ಕೆ ಹೋಗಿ ಬಂದಾಗಲೆಲ್ಲ, "ಪಾಪ, ಎಲ್ಲರ ಹಣೇಲೂ ಬರ್ದಿರ್ತಿಲ್ಲೆ" ಎಂದು ಗಗನಾಳಿಗೆ ಕೇಳುವಂತೆ ಗೋಡೆಗೆ ಹೇಳಿದವಳು. ಹಿರಿಯ ಸೊಸೆ ವೇದಾಳಿಗೆ ಒಬ್ಬಳೇ ಮಗಳು, ಅವಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಆ ಕುರಿತೂ ಗೋಡೆಗೆ ಬೇಕಾದಷ್ಟು ಮಾತು ಕೇಳಿಸಿತ್ತು. ಹೀಗಿರುವಾಗ ಸುದ್ದಿ ತಿಳಿದ ದಿನ ಆ ಮುದುಕಿ ಗಗನಾಳ ಕೈಗೆ ಪಾತ್ರೆ ಮುಟ್ಟಗೊಡದೆ, ತಾನೇ ಗಂಜಿ ಕಾಯಿಸಿ, ತಾನೇ ತುಪ್ಪ ಬಿಟ್ಟು, ತಾನೇ ಪಕ್ಕದಲ್ಲಿ ಕುಳಿತು ಉಣ್ಣಿಸಿದಳು. ಗಗನಾ ಗಂಜಿಯ ಜೊತೆ ಕಣ್ಣೀರನ್ನೂ ನುಂಗಿದಳು.

ಆದರೆ ಆ ಸುಖ ಮೂರು ದಿನಕ್ಕೇ ಮುಗಿಯಿತು. ಕಿಬ್ಬೊಟ್ಟೆಯ ಎಡಕ್ಕೆ ನೋವು, ಸೀರೆಯ ಮೇಲೆ ರಕ್ತದ ಕಲೆ. ಭೈರುಂಬೆಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡುವ ವೇದಾ ಅಂದು ರಜೆ ಹಾಕಿ, ಗಗನಾಳನ್ನು ಊರಿನ ಡಾಕ್ಟರ್ ಮಧುರಾ ಅವರ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಡಾಕ್ಟರು ಸ್ಕ್ಯಾನ್ ಮಾಡಿ, ಇನ್ನೊಮ್ಮೆ ಮಾಡಿ ನೋಡಿದರು.

"ಇದು ಉಳಿಯುವ ಗರ್ಭವಲ್ಲ," ಎಂದರು ಕೊನೆಗೆ. "ಬೆಳೆದಷ್ಟೂ ತಾಯಿಗೆ ಅಪಾಯ. ನಳಿಗೆ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ. ಬೇರೆ ಸಮಯವಾಗಿದ್ದರೆ ನಾಳೆಯೇ ಆಪರೇಷನ್ ಮಾಡಿ ಮುಗಿಸುತ್ತಿದ್ದೆ. ಆದರೆ ಇವರು ಪುಣೆಯಿಂದ ಬಂದವರು, ಕೆಮ್ಮೂ ಇದೆ. ಗಂಟಲಿನ ದ್ರವ ಬೆಂಗಳೂರಿಗೆ ಹೋಗಿ ಅಲ್ಲಿಂದ ಫಲಿತಾಂಶ ಬರುವವರೆಗೆ ಅರಿವಳಿಕೆ ಕೊಡುವ ಡಾಕ್ಟರು ಬರುವುದಿಲ್ಲ ಅಂತಾರೆ. ಸದ್ಯ ಒಡೆದಿಲ್ಲ, ಸಣ್ಣದಿದೆ. ಒಂದು ಇಂಜೆಕ್ಷನ್ ಇದೆ, ಅದರಿಂದ ತಾನಾಗಿ ಕರಗಬಹುದು. ನಾಲ್ಕನೆಯ ದಿನ, ಏಳನೆಯ ದಿನ ರಕ್ತ ಪರೀಕ್ಷೆ ಆಗಲೇಬೇಕು. ಇನ್ನೊಂದು ಮಾತು. ಬಸುರಿಗೆಂದು ಕೊಟ್ಟಿದ್ದ ಫೋಲಿಕ್ ಮಾತ್ರೆಯನ್ನು ಇವತ್ತಿಗೇ ನಿಲ್ಲಿಸಬೇಕು. ಅದು ಇಂಜೆಕ್ಷನ್ನಿಗೆ ವಿರುದ್ಧ. ಹೊಟ್ಟೆ ನೋವು ಜಾಸ್ತಿಯಾದರೆ, ಭುಜ ನೋವು ಬಂದರೆ, ತಲೆ ತಿರುಗಿದರೆ, ಆ ಕ್ಷಣವೇ ಬನ್ನಿ."

ವೇದಾ ಪುಣೆಗೆ ಫೋನ್ ಮಾಡಿದಳು. ಎಲ್ಲವನ್ನೂ ಕೇಳಿಸಿಕೊಂಡ ಕಿಶೋರ ಒಂದೇ ಮಾತು ಕೇಳಿದ: "ಆಯಿ ಎಂತ ಹೇಳ್ತು, ಅತ್ಗೆ?"

"ಆಯಿ ಡಾಕ್ಟ್ರಲ್ಲ, ಕಿಶೋರ," ಎಂದು ವೇದಾ ಫೋನಿಟ್ಟಳು. ಅವನು ಆ ಕೂಡಲೇ ಮನೆಗೆ ಫೋನ್ ಮಾಡಿ ತಾಯಿಗೆ ಸುದ್ದಿ ಮುಟ್ಟಿಸಿದ. ಗಗನಾ ಗಂಡನನ್ನೂ ಕಾಯಲಿಲ್ಲ, ಅತ್ತೆಯನ್ನೂ ಕಾಯಲಿಲ್ಲ. ಕಾಗದದ ಮೇಲೆ ತಾನೇ ಸಹಿ ಮಾಡಿ, ಗೋಡೆಯ ಕಡೆ ಮುಖ ತಿರುಗಿಸಿ ಇಂಜೆಕ್ಷನ್ನಿಗೆ ಒಡ್ಡಿಕೊಂಡಳು.

ಅಲ್ಲಿಂದ ಮುಂದೆ ಆ ಮನೆಗೆ ಬಂದದ್ದು ಒಂದೆರಡು ಕಾಟವಲ್ಲ. ಮರುದಿನ ಬೆಳಿಗ್ಗೆ ಆರೋಗ್ಯ ಇಲಾಖೆಯವರು ಬಂದು, ಗಂಟಲಿನ ದ್ರವ ತೆಗೆದುಕೊಂಡು, ಫಲಿತಾಂಶ ಬರುವವರೆಗೆ ಗಗನಾ ಹೊರಗೆ ಬರಬಾರದೆಂದು ಹೇಳಿ ಹೋದರು. ಅವರ ಜೀಪು ತಿರುಗುವ ಮುಂಚೆಯೇ ಸಾವಿತ್ರವ್ವ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. "ತಪ್ಪ ತಿಳ್ಕೋಬ್ಯಾಡ್ರಿ ಟೀಚರ್ರ. ನಮ್ಮನ್ಯಾಗ ಸಣ್ಣ ಹುಡುಗ್ರು ಅದಾವು. ಈ ಮೆಟ್ಟಿಲಾ ಬಿಟ್ಟು ಹಿತ್ತಲ ಕಡೆಯಿಂದ ಓಡಾಡ್ರಿ." ಹಿತ್ತಲ ಮೆಟ್ಟಿಲಿಗೆ ಕಟಾಂಜನವೇ ಇರಲಿಲ್ಲ. ಮಧ್ಯಾಹ್ನ ಶಾಲೆಯ ಮುಖ್ಯೋಪಾಧ್ಯಾಯರ ಫೋನು: ಪಾಲಕರು ತಕರಾರು ಮಾಡುತ್ತಿದ್ದಾರೆ, ಹತ್ತು ದಿನ ಶಾಲೆಯ ಕಡೆ ಬರಬೇಡಿ. ಹಾಲಿನವನು ಪ್ಯಾಕೆಟ್ಟನ್ನು ಗೇಟಿನಿಂದಲೇ ಎಸೆಯತೊಡಗಿದ. ವೇದಾಳ ಗಂಡ ದಿನಕರ ಸಿದ್ದಾಪುರದ ಸೊಸೈಟಿಯೊಂದರಲ್ಲಿ ಗುಮಾಸ್ತ. ತಾಯಿ ಒಂದು ಹೇಳಿದರೆ "ಹೌದು" ಎಂದು, ಹೆಂಡತಿ ಅದಕ್ಕೆ ವಿರುದ್ಧ ಹೇಳಿದರೆ ಅದಕ್ಕೂ "ಹೌದು" ಎಂದು ತಲೆಯಾಡಿಸಿ ಪೇಪರು ಬಿಡಿಸುವ ಮನುಷ್ಯ.

"ನಿಂಗ ಒಂದು ಮಾತು ಅತ್ತೆಗೆ ಗಟ್ಟಿಯಾಗಿ ಹೇಳ್ಲಾಗ್ದಾ?" ಎಂದು ವೇದಾ ಕೇಳಿದರೆ, "ಹೇಳ್ತೆ, ಹೇಳ್ತೆ. ಆಯಿ ಸ್ವಲ್ಪ ತಣ್ಣಗಾಗ್ಲಿ" ಎಂದ. ಸುಬ್ಬಲಕ್ಷ್ಮಿ ತಣ್ಣಗಾದದ್ದನ್ನು ಮದುವೆಯಾದ ಹದಿನೆಂಟು ವರ್ಷದಲ್ಲಿ ವೇದಾ ಕಂಡಿರಲಿಲ್ಲ.

ನಾಲ್ಕನೆಯ ದಿನ ಪುಣೆಯವಳ ರಕ್ತ ತೆಗೆಯಲು ಲ್ಯಾಬಿನವನು ಒಪ್ಪಲಿಲ್ಲ. ಡಾಕ್ಟರ್ ಮಧುರಾ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ತಾವೇ ಹಿತ್ತಲ ಮೆಟ್ಟಿಲು ಹತ್ತಿ ಬಂದು ರಕ್ತ ತೆಗೆದರು. ಅದನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟುಕೊಂಡು ದಿನಕರ ಹುಬ್ಬಳ್ಳಿಯ ಬಸ್ಸು ಹತ್ತಿದ. ಸಂಜೆ ಬಂದ ಗರ್ಭದ ಹಾರ್ಮೋನಿನ ಅಂಕಿ ಮೊದಲಿಗಿಂತ ಸ್ವಲ್ಪ ಹೆಚ್ಚೇ ಇತ್ತು. "ನಾಲ್ಕನೆಯ ದಿನ ಹೀಗಾಗುವುದುಂಟು. ಏಳಕ್ಕೆ ಇಳಿಯಬೇಕು," ಎಂದರು ಡಾಕ್ಟರು. ಆದರೆ ಏಳನೆಯ ದಿನ ಚೌತಿ, ಹುಬ್ಬಳ್ಳಿಯ ಲ್ಯಾಬಿಗೆ ರಜೆ. ಹಾಗಾಗಿ ಆರನೆಯ ದಿನವೇ ರಕ್ತ ಹೋಯಿತು. ಬೆಂಗಳೂರಿಗೆ ಹೋದ ಗಂಟಲಿನ ದ್ರವ ಮಾತ್ರ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ವೇದಾ ಸರಕಾರಿ ಆಸ್ಪತ್ರೆಗೆ ಫೋನ್ ಮಾಡಿದಾಗಲೆಲ್ಲ ಒಬ್ಬರು ಇನ್ನೊಬ್ಬರನ್ನು ಕರೆಯುತ್ತಿದ್ದರು, ಆ ಇನ್ನೊಬ್ಬರು ಊಟಕ್ಕೆ ಹೋಗಿರುತ್ತಿದ್ದರು.

ಆರನೆಯ ದಿನ ಸಂಜೆ ಡಾಕ್ಟರರೇ ಫೋನ್ ಮಾಡಿದರು. "ವೇದಾ, ಅಂಕಿ ಇಳಿದಿಲ್ಲ, ಏರಿದೆ. ಅವರು ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದಾರಾ?"

"ಇಲ್ಲ ಡಾಕ್ಟ್ರೇ, ಅವತ್ತೇ ನಿಲ್ಲಿಸಿದ್ದೇವೆ."

"ಹಾಗಾದರೆ ನಾಳೆ ಹಬ್ಬ ಮುಗಿಯುತ್ತಲೇ ಕರೆದುಕೊಂಡು ಬನ್ನಿ. ಇನ್ನು ಕಾಯುವ ಹಾಗಿಲ್ಲ."

ಫೋನಿಟ್ಟು ವೇದಾ ಗಗನಾಳ ಕೋಣೆಗೆ ಹೋದಳು. ಗಗನಾ ಹಾಸಿಗೆಯಲ್ಲಿ ಎದ್ದು ಕುಳಿತು ಅಂಗೈ ಚಾಚಿದ್ದಳು. ಸುಬ್ಬಲಕ್ಷ್ಮಿ ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು, ಇನ್ನೊಂದು ಕೈಯಿಂದ ಆ ಅಂಗೈಯ ಮೇಲೆ ಸಣ್ಣದೊಂದು ಹಳದಿ ಮಾತ್ರೆ ಇಡುತ್ತಿದ್ದಳು.

ವೇದಾ ಕೂಗಾಡಲಿಲ್ಲ. ಕೂಗಾಡುವಷ್ಟು ಉಸಿರೇ ಅವಳಲ್ಲಿ ಉಳಿದಿರಲಿಲ್ಲ. ಮಾತ್ರೆಯನ್ನು ಕಿತ್ತುಕೊಂಡು, ಕಿಟಕಿಯಿಂದ ಎಸೆದು, ಬಾಗಿಲಿಗೆ ಒರಗಿ ನಿಂತಳು.

"ಎಷ್ಟು ದಿನದಿಂದ?"

ಗಗನಾ ಚಾಚಿದ ಅಂಗೈಯನ್ನು ಮಡಚಿಕೊಂಡಳು.

"ಅತ್ತೆ, ಆನು ಒಬ್ಬಳೇ ಎಷ್ಟು ಕಡೆ ಹೇಳಿ ನೋಡ್ಕಳ್ಳದು? ಊರವ್ವು ಬೇಲಿ ಹಾಕಿದ್ದ. ಆಸ್ಪತ್ರೆಯವ್ವು ಬಾಗ್ಲು ಹಾಕಿದ್ದ. ಆ ಡಾಕ್ಟ್ರು ಪಾಪ, ಹಿತ್ಲ ಮೆಟ್ಲು ಹತ್ತಿ ಬಂದು ರಕ್ತ ತೆಗೀತ್ರು. ನಿಂಗ ಮನೆ ಒಳಗೇ ಕೂತು ವಿಷ ಹಾಕ್ತಾ ಇದ್ರಿ. ನಿಂಗಕ್ಕೆ ಮೊಮ್ಮಗ ಬೇಕು. ಗಗನಾ ಬದುಕದು ಬ್ಯಾಡ, ಅಲ್ದಾ?"

ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಸುಬ್ಬಲಕ್ಷ್ಮಿ ತಿರುಗಿ ಮಾತಾಡಲಿಲ್ಲ. ಲೋಟವನ್ನು ಕಿಟಕಿಯ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಹೊರಗೆ ಹೋದಳು. ಗಗನಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅತ್ತೆಯ ಮೌನವನ್ನು ವೇದಾ ತಪ್ಪೊಪ್ಪಿಗೆಯೆಂದೇ ತಿಳಿದಳು.

ಚೌತಿಯ ದಿನ ಮಧ್ಯಾಹ್ನ ದಿನಕರ ಗಣಪತಿಗೆ ಮಂಗಳಾರತಿ ಎತ್ತುವ ಹೊತ್ತಿಗೆ ಬಚ್ಚಲುಮನೆಯಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ವೇದಾ ಓಡಿ ಹೋಗಿ ನೋಡಿದರೆ ಗಗನಾ ಗೋಡೆಗೆ ಆತುಕೊಂಡು ನೆಲದ ಮೇಲೆ ಕುಳಿತಿದ್ದಳು. ಹಣೆಯ ಮೇಲೆ ತಣ್ಣನೆಯ ಬೆವರು. "ಅಕ್ಕ... ಭುಜ ನೋಯ್ತು... ಎಡದ್ದು," ಎಂದಷ್ಟೇ ಹೇಳಿದಳು.

ಆಂಬುಲೆನ್ಸು ಸಿದ್ದಾಪುರದ ಕಡೆ ಹೆರಿಗೆಗೆ ಹೋಗಿತ್ತು. ಓಣಿಯ ತುದಿಯಲ್ಲಿ ಓಮ್ನಿ ನಿಲ್ಲಿಸಿಕೊಂಡಿರುತ್ತಿದ್ದ ನೂರ್ ಅಹ್ಮದನನ್ನು ದಿನಕರ ಮಡಿಯುಟ್ಟ ಪಂಚೆಯಲ್ಲೇ ಓಡಿಹೋಗಿ ಕರೆತಂದ. ನೂರ್ ಅಹ್ಮದ್ ಒಂದೇ ಪ್ರಶ್ನೆ ಕೇಳಿದ. "ಇದು ಆ ಜ್ವರದ್ದಾ, ಟೀಚರ್?"

"ಅಲ್ಲ. ಹೊಟ್ಟೆಯೊಳಗೆ ರಕ್ತ ಹೋಗ್ತಾ ಇದೆ."

ಅವನು ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಹಿಂದಿನ ಬಾಗಿಲು ತೆರೆದ. ದಿನಕರ ಮುಂದೆ ಕುಳಿತ. ದೀಪ ಉರಿಯುತ್ತಿದ್ದ ಮನೆಯಲ್ಲಿ ಸುಬ್ಬಲಕ್ಷ್ಮಿ ಒಬ್ಬಳೇ ಉಳಿದಳು. ಹಿಂದಿನ ಸೀಟಿನಲ್ಲಿ ವೇದಾಳ ಮಡಿಲಿಗೆ ತಲೆಯಿಟ್ಟು ಮಲಗಿದ್ದ ಗಗನಾ ಅವಳ ಸೆರಗನ್ನು ಹಿಡಿದೆಳೆದಳು.

"ಅಕ್ಕ, ಅತ್ತೆನ ಬೈಯಡಿ. ಅತ್ತೆ ಮಾತ್ರೆನೆಲ್ಲ ಅವತ್ತೇ ಕಸದ ಬುಟ್ಟಿಗೆ ಹಾಕಿತ್ತು. ಡಾಕ್ಟ್ರು ಬ್ಯಾಡ ಹೇಳಿದ್ದ ಹೇಳಿ. ಆನೇ ಹೆಕ್ಕಿ ತಂದಿ. ಹೊಟ್ಟೇಲಿದ್ದಿದ್ದು ಹೆಂಗಾದ್ರೂ ಉಳೀಲಿ ಹೇಳಿ... ಅತ್ತೆ ನೋಡಿ ಕಿತ್ಗಂಡತ್ತು. ಎರಡು ದಿನ ಕೊಡ್ತ್ನಿಲ್ಲೆ ಹೇಳಿತು. ಆನು ಕಾಲು ಹಿಡ್ಕಂಡು ಅತ್ತಿ. ಖಾಲಿ ಹೊಟ್ಟೇಲಿ ಪುಣೆಗೆ ಹ್ಯಾಂಗೆ ಹೋಪದು ಅತ್ತೆ ಹೇಳಿ ಕೇಳ್ದಿ..."

ಇಷ್ಟು ದಿನ ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡು ಬಂದ ವೇದಾಗೆ ಈಗ ಸಿಟ್ಟನ್ನು ಯಾರ ಮೇಲಿಡಬೇಕೆಂದು ತಿಳಿಯಲಿಲ್ಲ. "ಮಾತಾಡಡ. ಉಸಿರು ಹಿಡ್ಕ," ಎಂದು ಅವಳ ಹಣೆ ಒರೆಸಿದಳು.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ಕಾಂಪೌಂಡರ್ ತಡೆದ. "ಗಂಟಲಿಂದು ರಿಪೋರ್ಟ್ ತಂದೀರ?"

"ರಿಪೋರ್ಟು ಬರುವ ಹೊತ್ತಿಗೆ ಇವಳು ಇರುವುದಿಲ್ಲ. ಪಕ್ಕಕ್ಕೆ ಸರಿ," ಎಂದಳು ವೇದಾ. ಮೂವತ್ತು ಮಕ್ಕಳ ತರಗತಿಯನ್ನು ಒಂದೇ ಮಾತಿಗೆ ಸುಮ್ಮನಿರಿಸುವ ಆ ಧ್ವನಿಗೆ ಅವನು ಸರಿದೇಬಿಟ್ಟ. ಡಾಕ್ಟರ್ ಮಧುರಾ ಹಬ್ಬದ ಸೀರೆಯಲ್ಲೇ ಓಡಿ ಬಂದರು. ಅರಿವಳಿಕೆಯ ಡಾಕ್ಟರು ಹುಲೇಕಲ್‌ನಲ್ಲಿ ನೆಂಟರ ಮನೆಯ ಹಬ್ಬದಲ್ಲಿದ್ದರು. ಫೋನಿನಲ್ಲಿ ಅವರೂ ರಿಪೋರ್ಟ್ ಎಂದರು. "ನೀವು ಬರದಿದ್ದರೆ ನಾನು ಬರೀ ಕೈಯಲ್ಲಿ ಹೊಟ್ಟೆ ಕೊಯ್ಯಬೇಕು. ಬರುತ್ತೀರೋ, ನಿಮ್ಮ ಹೆಸರನ್ನೂ ಸೇರಿಸಿ ಬರೆದಿಡಲೋ?" ಎಂದು ಡಾಕ್ಟರ್ ಮಧುರಾ ಕೇಳಿದ್ದನ್ನು ಹೊರಗೆ ನಿಂತಿದ್ದ ಎಲ್ಲರೂ ಕೇಳಿಸಿಕೊಂಡರು. ಅರ್ಧ ಗಂಟೆಯಲ್ಲಿ ಅವರು ಬಂದರು. ರಕ್ತನಿಧಿಯಲ್ಲಿ ಸಿಕ್ಕಿದ್ದು ಒಂದೇ ಬಾಟಲಿ. ಎರಡನೆಯದನ್ನು, ಗುಂಪು ಹೊಂದಿದ್ದರಿಂದ, ವೇದಾ ಕೊಟ್ಟಳು.

ಗಗನಾ ಬದುಕಿದಳು. ಎಡದ ನಳಿಗೆಯನ್ನು ತೆಗೆಯಬೇಕಾಯಿತು. ಮರುದಿನ ಬೆಳಿಗ್ಗೆ ಸರಕಾರಿ ಆಸ್ಪತ್ರೆಯಿಂದ, ಈ ಸಲ ಅವರಾಗಿಯೇ, ಫೋನು ಬಂತು. ಗಂಟಲಿನಲ್ಲಿ ಏನೂ ಇಲ್ಲ, ಹಂದಿಜ್ವರವಲ್ಲ, ಇನ್ನು ಓಡಾಡಬಹುದು. ವೇದಾ "ಬಹಳ ಉಪಕಾರವಾಯಿತು" ಎಂದು ಹೇಳಿ ಫೋನಿಟ್ಟು, ವಾರ್ಡಿನ ಬೆಂಚಿನ ಮೇಲೆ ಒಬ್ಬಳೇ ಕುಳಿತು ಕಣ್ಣೀರು ಬರುವಷ್ಟು ನಕ್ಕಳು. ಮನೆಗೆ ಬಂದಾಗ ಸಾವಿತ್ರವ್ವ ಮುಂದಿನ ಮೆಟ್ಟಿಲನ್ನು ತೊಳೆಸಿ ಇಟ್ಟಿದ್ದಳು.

ಕಿಶೋರ ಬಂದದ್ದು ನಾಲ್ಕು ದಿನ ಕಳೆದ ಮೇಲೆ, ಹೆಂಡತಿಯನ್ನು ಆಸ್ಪತ್ರೆಯಿಂದ ಬಿಡುವ ದಿನ. ಬಿಡುಗಡೆಯ ಕಾಗದ ಕೊಡುವಾಗ ಡಾಕ್ಟರು, ಮಾತ್ರೆ ನಿಲ್ಲಿಸಿದ್ದರೆ ಬಹುಶಃ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದಿದ್ದರು. ದಾರಿಯುದ್ದಕ್ಕೂ ಬಾಯಿ ಬಿಗಿದಿದ್ದ ಅವನು, ಗಗನಾಳನ್ನು ಮಂಚದ ಮೇಲೆ ಕೂರಿಸಿ, ಎಲ್ಲರೂ ಅಲ್ಲಿಯೇ ಇರುವಾಗ ಕೇಳಿದ.

"ಮಾತ್ರೆ ಕೊಟ್ಟಿದ್ದು ಯಾರು?"

ಗಗನಾ ಬಾಯಿ ತೆರೆದಳು.

"ಆನು," ಎಂದಳು ಸುಬ್ಬಲಕ್ಷ್ಮಿ. ಬಾಗಿಲ ಬಳಿ ನಿಂತಿದ್ದವಳು ಎರಡು ಹೆಜ್ಜೆ ಒಳಗೆ ಬಂದಳು. "ಗಗನಾಗೆ ಗೊತ್ತಿರ್ಲೆ. ಶಕ್ತಿ ಮಾತ್ರೆ ಹೇಳಿ ಸುಳ್ಳು ಹೇಳಿ ಕೊಟ್ಟಿ."

"ಇಲ್ಲೆ, ಅತ್ತೆ..." ಎಂದಳು ಗಗನಾ.

"ನೀ ಸುಮ್ನಿರು. ಹೊಟ್ಟೆ ಕೊಯ್ದವ್ವು ಮಾತಾಡ್ಲಾಗ."

ಕಿಶೋರ ತಾಯಿಯನ್ನು ನೋಡುತ್ತಲೇ ಇದ್ದ. ಹುಟ್ಟಿದಂದಿನಿಂದ ಅವಳ ಮಾತನ್ನು ದಾಟದವನು. "ಆಯಿ, ಮೊಮ್ಮಗನ ಆಸೆಗೆ ನೀ ಎನ್ನ ಹೆಂಡ್ತಿನ ಕೊಲ್ತಿದ್ದೆ," ಎಂದ. ಧ್ವನಿ ಏರಿಸದೆ ಹೇಳಿದ್ದರಿಂದ ಆ ಮಾತು ಇನ್ನೂ ಆಳಕ್ಕಿಳಿಯಿತು. "ಇನ್ನು ಎನ್ನ ಹತ್ರ ಮಾತಾಡಡ."

ವೇದಾ ಮುಂದೆ ಬಂದಳು. ಸತ್ಯ ಅವಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಸುಬ್ಬಲಕ್ಷ್ಮಿ ಅವಳತ್ತ ತಿರುಗಿ ನೋಡಿದಳು. ಆ ನೋಟದಲ್ಲಿ ಯಾವತ್ತಿನ ಗದರಿಕೆಯಿರಲಿಲ್ಲ, ಬೇಡಿಕೆಯಿತ್ತು. ಅತ್ತೆ ತನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ವೇದಾ ಬಾಯಿ ಮುಚ್ಚಿಕೊಂಡಳು.

ಆದರೆ ಅಡುಗೆಮನೆಯಲ್ಲಿ ಬಿಡಲಿಲ್ಲ. "ಎಂತಕ್ಕೆ ಹಾಂಗೆ ಹೇಳಿದ್ರಿ? ಗಗನಾ ಎಂಗೆ ಎಲ್ಲಾ ಹೇಳಿದ್ದು. ಆನು ಅವತ್ತು ಬೈದಾಗಾದ್ರೂ ನಿಂಗಕ್ಕೆ ಬಾಯಿ ಇರ್ಲ್ಯ? ಒಳ್ಳೇದು ಮಾಡಲೆ ಹೋದ್ರೂ ಯಾರನ್ನೂ ಒಂದು ಮಾತು ಕೇಳ್ತ್ರಿಲ್ಲೆ."

ಸುಬ್ಬಲಕ್ಷ್ಮಿ ಮಜ್ಜಿಗೆ ಕಡೆಯುತ್ತಿದ್ದಳು. ನಿಲ್ಲಿಸಲಿಲ್ಲ. "ಎಂಗೆ ಎಪ್ಪತ್ತು ಆಗ್ತಾ ಬಂತು. ಎನ್ನ ಮೇಲೆ ಅಂವ ಸಿಟ್ಟು ಮಾಡ್ಕಂಡ್ರೆ ಎಷ್ಟು ವರ್ಷ ಮಾಡ್ಕತ್ತ? ಹೆಂಡ್ತಿ ಮೇಲೆ ಮಾಡ್ಕಂಡ್ರೆ ಇಡೀ ಜನ್ಮ." ಕಡೆಗೋಲಿನ ಹಗ್ಗವನ್ನು ಬಿಗಿಯಾಗಿ ಎಳೆದಳು. "ಆನು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಆರು ವರ್ಷ ಗಗನಾಗೆ ಚುಚ್ಚಿದ್ದು ಯಾರು? ಆ ಮಾತೆಲ್ಲ ಕೇಳದೇ ಇದ್ದಿದ್ರೆ ಅದು ಕಸದ ಬುಟ್ಟಿಗೆ ಕೈ ಹಾಕ್ತಿತ್ತನೇ?"

ಅತ್ತೆ ತಪ್ಪೆಂದು ಎಲ್ಲರೆದುರು ಸಾಬೀತಾಗುವ ದಿನಕ್ಕಾಗಿ ವೇದಾ ಹದಿನೆಂಟು ವರ್ಷ ಕಾದಿದ್ದಳು. ಆ ದಿನ ಬಂದಾಗ ಅದನ್ನು ಮುದುಕಿ ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಿದ್ದಳು.

ಹೊಲಿಗೆ ಬಿಚ್ಚಿದ ವಾರಕ್ಕೆ ಕಿಶೋರ ಹೆಂಡತಿಯನ್ನು ಕರೆದುಕೊಂಡು ಹೊರಟ. ಅಣ್ಣ ಅತ್ತಿಗೆಯ ಕಾಲಿಗೆರಗಿದ, ತಾಯಿಯನ್ನು ದಾಟಿ ಮೆಟ್ಟಿಲಿಳಿದ. ಗಗನಾ ಮಾತ್ರ ಅತ್ತೆಯ ಕಾಲ ಬಳಿ ಬಗ್ಗಿದಳು, ಬಗ್ಗಿದವಳಿಗೆ ನೋವಿನಿಂದ ಏಳಲಾಗಲಿಲ್ಲ. ಸುಬ್ಬಲಕ್ಷ್ಮಿ ಎರಡೂ ಕೈಯಿಂದ ಅವಳನ್ನು ಎತ್ತಿ ನಿಲ್ಲಿಸಿ, "ಬಸ್ಸಲ್ಲಿ ಕಿಟಕಿ ಬದಿಗೆ ಕೂತ್ಕ. ಜಗ್ಗಿದ್ರೆ ಹೊಟ್ಟೆ ಹಿಡ್ಕ," ಎಂದಳು.

ಆಮೇಲೆ ಪ್ರತಿ ಭಾನುವಾರ ಕಿಶೋರ ವೇದಾಳ ಮೊಬೈಲಿಗೆ ಫೋನ್ ಮಾಡುತ್ತಿದ್ದ. ಅಣ್ಣನನ್ನು ಕೇಳುತ್ತಿದ್ದ, ಅಣ್ಣನ ಮಗಳ ಪರೀಕ್ಷೆಯನ್ನು ಕೇಳುತ್ತಿದ್ದ, ಸಾವಿತ್ರವ್ವನನ್ನು ಕೂಡ ಕೇಳುತ್ತಿದ್ದ. ತಾಯಿಯನ್ನು ಮಾತ್ರ ಕೇಳುತ್ತಿರಲಿಲ್ಲ. ಅವನು ಪಾಳಿಗೆ ಹೋದ ಹೊತ್ತು ನೋಡಿ ಗಗನಾ ಫೋನ್ ಮಾಡಿ ಅತ್ತೆಯ ಜೊತೆ ಮಾತಾಡುತ್ತಿದ್ದಳು. ಪ್ರತಿ ಸಲವೂ ನಿಜ ಹೇಳಿಬಿಡುತ್ತೇನೆಂದು ಅಳುತ್ತಿದ್ದಳು, ಪ್ರತಿ ಸಲವೂ ಬೈಸಿಕೊಳ್ಳುತ್ತಿದ್ದಳು. ಅತ್ತೆ ಸೊಸೆಯರ ಈ ಗುಟ್ಟನ್ನು ಕಾಯುವ ಕೆಲಸವೂ ತನ್ನ ಪಾಲಿಗೇ ಬಂತಲ್ಲ ಎಂದು ವೇದಾ ಗೊಣಗುತ್ತಿದ್ದಳು.

ದೀಪಾವಳಿಗೂ ಕಿಶೋರ ಬರಲಿಲ್ಲ. ಹಬ್ಬ ಕಳೆದ ಭಾನುವಾರ ಅವನ ಫೋನು ಬಂದಾಗ ವೇದಾಳ ತಾಳ್ಮೆ ಮುಗಿದಿತ್ತು. "ಕಿಶೋರ, ಆಯಿ ಇಲ್ಲೇ ಇದ್ದು. ಒಂದು ಮಾತು ಮಾತಾಡು," ಎಂದಳು. ವೇದಾ ಫೋನನ್ನು ಅತ್ತೆಯತ್ತ ಚಾಚಿದಳು. ಸುಬ್ಬಲಕ್ಷ್ಮಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ. ಸಿಟ್ಟು ಇಳಿದ ಮೇಲೆ ಅಂವಾಗಿ ಮಾತಾಡ್ತ. ಚೆನಾಗಿದ್ನ ಕೇಳು, ಸಾಕು."

"ಚೆನಾಗಿದ್ಯ?" ಎಂದು ವೇದಾ ಫೋನಿನಲ್ಲಿ ಕೇಳಿದಳು. ಕೇಳಿಸಿಕೊಂಡು, "ಚೆನಾಗಿದ್ನಡ," ಎಂದಳು.

"ಗಗನಾ?"

"ಅದೂ ಚೆನಾಗಿದ್ದಡ."

"ಹಾಂಗಾರೆ ಫೋನಿಡು ಮಾರಾಯ್ತಿ. ಒಲೆ ಮೇಲೆ ಅನ್ನ ಸೀತಾ ಇದ್ದು," ಎಂದು ಸುಬ್ಬಲಕ್ಷ್ಮಿ ಅವಸರವಾಗಿ ಅಡುಗೆಮನೆಗೆ ನಡೆದಳು.

ವೇದಾ ಫೋನಿಟ್ಟು ಹಿಂದೆಯೇ ಹೋದಳು. ಅನ್ನ ಸೀಯುತ್ತಿರಲಿಲ್ಲ. ಅಕ್ಕಿಯನ್ನು ಇನ್ನೂ ತೊಳೆದೇ ಇರಲಿಲ್ಲ. ಆರಿದ ಒಲೆಯ ಮುಂದೆ ಮುದುಕಿ ಬೆನ್ನು ತಿರುಗಿಸಿ ನಿಂತಿದ್ದಳು. ವೇದಾ ಡಬ್ಬಿಯಿಂದ ಮೂವರಿಗಾಗುವಷ್ಟು ಅಕ್ಕಿ ಅಳೆದು, ತೊಳೆಯಲು ಕುಳಿತಳು.